ರಂಜಕದ ಅಂಕಿಯನ್ನು ಓದುವ ಮೊದಲು ಅದರ ಮೂಲಮಾನ ನೋಡಿ

ಕಾಸರಗೋಡಿನ ತೋಟಗಳಿಂದ ಬರುವ ಮಣ್ಣನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ನನ್ನ ಕೆಲಸ. ಸಾರಜನಕ, ಪೊಟ್ಯಾಶ್, ರಸಸಾರ (ಪಿಎಚ್) ಇವುಗಳ ಬಗ್ಗೆ ಕೃಷಿಕರಿಂದ ಬರುವ ಪ್ರಶ್ನೆಗಳಿಗೆ ಉತ್ತರಿಸುವುದು ಸುಲಭ. ಹೆಚ್ಚು ಗೊಂದಲ ಹುಟ್ಟಿಸುವುದು ರಂಜಕ, ಅಂದರೆ ಫಾಸ್ಫರಸ್. ಅದರಲ್ಲೂ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯವರು ಒಮ್ಮೆ ನಮ್ಮಲ್ಲಿಗೂ ಇನ್ನೊಮ್ಮೆ ಗಡಿ ದಾಟಿ ಪುತ್ತೂರು, ಮಂಗಳೂರಿನ ಕಡೆಗೂ ಮಣ್ಣು ಕೊಡುವುದುಂಟು. ಎರಡು ವರದಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟುಕೊಂಡಾಗಲೇ ತಕರಾರು ಶುರುವಾಗುತ್ತದೆ.

ನಿವೃತ್ತ ಅಧ್ಯಾಪಕರೊಬ್ಬರು ಹಾಗೆ ಎರಡು ಕಾಗದಗಳನ್ನು ಮೇಜಿನ ಮೇಲೆ ಬಿಡಿಸಿಟ್ಟು, “ಅಲ್ಲ ಮೇಡಂ, ತೋಟ ಅದೇ, ಮಣ್ಣು ಅದೇ. ಇಲ್ಲಿ 18 ಅಂತ ಉಂಟು, ಅಲ್ಲಿ 41 ಅಂತ ಉಂಟು. ರಾಜ್‌ಫಾಸ್ ಹಾಕುವುದಾ ಬಿಡುವುದಾ?” ಎಂದು ಆ ಶಿಲಾರಂಜಕದ ಗೊಬ್ಬರದ ಬಗ್ಗೆ ಕೇಳಿದ್ದರು. “ಎರಡೂ ಸರಿಯೇ ಮಾಷ್ಟ್ರೇ” ಎಂದಾಗ ಅವರ ಮುಖದಲ್ಲಿ ಕಂಡದ್ದು ಸಮಾಧಾನವಲ್ಲ, ಸಂಶಯ. ನಮ್ಮ ವರದಿಯಲ್ಲಿದ್ದದ್ದು ಹೆಕ್ಟೇರಿಗೆ ಇಷ್ಟು ಕಿಲೋ ರಂಜಕ ಎಂಬ ಲೆಕ್ಕ. ಇನ್ನೊಂದರಲ್ಲಿದ್ದದ್ದು ರಂಜಕದ ಪೆಂಟಾಕ್ಸೈಡ್ ರೂಪದ ಲೆಕ್ಕ, ಅಂದರೆ ಗೊಬ್ಬರದ ಚೀಲದ ಮೇಲೆ ಮುದ್ರಿಸುವ ರೂಪ. ರಂಜಕವನ್ನು 2.29ರಿಂದ ಗುಣಿಸಿದರೆ ಪೆಂಟಾಕ್ಸೈಡ್ ಸಿಗುತ್ತದೆ. 18ನ್ನು ಗುಣಿಸಿ ನೋಡಿದರೆ 41 ಬಂದೇ ಬರುತ್ತದೆ. ನಾವು ಬಳಸುವ ವರ್ಗೀಕರಣದಲ್ಲಿ ಹೆಕ್ಟೇರಿಗೆ 10 ಕಿಲೋ ರಂಜಕಕ್ಕಿಂತ ಕೆಳಗಿದ್ದರೆ ಕಡಿಮೆ, 24ಕ್ಕಿಂತ ಮೇಲಿದ್ದರೆ ಹೆಚ್ಚು. ಪೆಂಟಾಕ್ಸೈಡ್ ಲೆಕ್ಕದಲ್ಲಿ ಇದೇ ಗೆರೆಗಳು ಸುಮಾರು 23 ಮತ್ತು 55 ಆಗುತ್ತವೆ. ಮಾಷ್ಟ್ರ ತೋಟ ಎರಡೂ ಕಾಗದದ ಪ್ರಕಾರ ಮಧ್ಯಮವೇ. ಆದರೆ ಆ ಕಾಗದದ 41ನ್ನು ಈ ಕಾಗದದ 24ರ ಗೆರೆಯೊಂದಿಗೆ ಹೋಲಿಸಿದ್ದರಿಂದ, ಗೊಬ್ಬರ ಪೂರ್ತಿ ನಿಲ್ಲಿಸಬಹುದೆಂದು ಅವರು ಬಹುತೇಕ ತೀರ್ಮಾನಿಸಿ ಬಂದಿದ್ದರು. ವರದಿಯಲ್ಲಿ ಮೂಲಮಾನವನ್ನು ಅಂಕಿಯಷ್ಟೇ ದಪ್ಪಕ್ಷರದಲ್ಲಿ ಮುದ್ರಿಸಬೇಕೆಂಬುದು ಅಂದಿನಿಂದ ನನ್ನ ಹಟ.

ಆ ದಿನ ಲೆಕ್ಕ ಹೊಂದಿದ್ದು ಎರಡೂ ಕಡೆ ಒಂದೇ ವಿಧಾನ ಬಳಸಿದ್ದರಿಂದ. ಯಾವಾಗಲೂ ಹಾಗಿರುವುದಿಲ್ಲ. ಮಣ್ಣಿನಲ್ಲಿರುವ ಒಟ್ಟು ರಂಜಕ ಬೇರೆ, ಬೆಳೆಗೆ ಸಿಗುವ ರಂಜಕ ಬೇರೆ. ನಮ್ಮ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳು ಹೇರಳವಾಗಿರುವುದರಿಂದ, ಹಾಕಿದ ರಂಜಕದ ದೊಡ್ಡ ಪಾಲನ್ನು ಅವು ಹಿಡಿದಿಟ್ಟುಕೊಳ್ಳುತ್ತವೆ. ಆ ಹಿಡಿತದಿಂದ ಬೇರಿನ ಕೈಗೆ ಬರಬಹುದಾದಷ್ಟನ್ನು ಅಂದಾಜು ಮಾಡಲು ಆಮ್ಲೀಯ ಮಣ್ಣಿಗೆ ಬ್ರೇ ಮತ್ತು ಕರ್ಟ್ಜ್ 1945ರಲ್ಲಿ ಪ್ರಕಟಿಸಿದ ವಿಧಾನವನ್ನು ಅನುಸರಿಸುತ್ತೇವೆ. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದೊಂದಿಗೆ ಅಮೋನಿಯಂ ಫ್ಲೋರೈಡ್ ಸೇರಿಸಿದ ದ್ರಾವಣವದು. ಫ್ಲೋರೈಡು ಅಲ್ಯೂಮಿನಿಯಂ ಮತ್ತು ಕಬ್ಬಿಣಗಳನ್ನು ತನ್ನತ್ತ ಸೆಳೆದುಕೊಂಡು ರಂಜಕವನ್ನು ಬಿಡಿಸುತ್ತದೆ. ಬಯಲುಸೀಮೆಯ ಸುಣ್ಣಯುಕ್ತ ಕಪ್ಪು ಮಣ್ಣಿಗೆ ಇದೇ ದ್ರಾವಣ ಹಾಕಿದರೆ ಸುಣ್ಣವೇ ಆಮ್ಲವನ್ನು ತಿಂದುಹಾಕಿ, ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಅಲ್ಲಿಗೆ ರಸಸಾರ 8.5ಕ್ಕೆ ಹೊಂದಿಸಿದ ಸೋಡಿಯಂ ಬೈಕಾರ್ಬೊನೇಟ್ ಬಳಸುವ ಓಲ್ಸನ್ ವಿಧಾನವೇ ತಕ್ಕದ್ದು. ಒಂದೇ ಮಣ್ಣನ್ನು ಎರಡೂ ವಿಧಾನಗಳಲ್ಲಿ ನೋಡಿದರೆ ಬರುವ ಅಂಕಿಗಳು ಬೇರೆಯಾಗಿರುತ್ತವೆ. ಅವುಗಳ ನಡುವೆ 2.29ರಂತಹ ನೇರ ಗುಣಕವೂ ಇಲ್ಲ. ಹಾಗಾಗಿ ವಿಧಾನದ ಹೆಸರಿಲ್ಲದ ವರದಿಯನ್ನು ನಾನು ಹೋಲಿಕೆಗೆ ತೆಗೆದುಕೊಳ್ಳುವುದಿಲ್ಲ.

ಕೆಲಸದ ಮೇಜಿನ ಮೇಲೆ ಇದು ನೋಡಲು ಬಹಳ ಸರಳ. ನೆರಳಿನಲ್ಲಿ ಒಣಗಿಸಿ, ಎರಡು ಮಿಲಿಮೀಟರ್ ಜರಡಿ ಹಿಡಿದ 5 ಗ್ರಾಂ ಮಣ್ಣಿಗೆ 50 ಮಿಲಿಲೀಟರ್ ದ್ರಾವಣ ಸುರಿದು, ಐದು ನಿಮಿಷ ಕುಲುಕಿ, ಕೂಡಲೇ ಸೋಸಬೇಕು. ಈ ಐದು ನಿಮಿಷದ ವಿಷಯದಲ್ಲಿ ನಾನು ಸ್ವಲ್ಪ ಕಟ್ಟುನಿಟ್ಟು. ಫೋನ್ ಬಂತೆಂದು ಬಾಟಲಿಯನ್ನು ಹಾಗೆಯೇ ಬಿಟ್ಟರೆ ಅಂಕಿ ಬದಲಾಗುತ್ತದೆ, ಮತ್ತು ಬದಲಾಗಿದೆಯೆಂದು ಯಾರಿಗೂ ತಿಳಿಯುವುದಿಲ್ಲ. ಸೋಸಿದ ನೀರಿಗೆ ಮಾಲಿಬ್ಡೇಟ್ ಮತ್ತು ಆಗಷ್ಟೇ ಕರಗಿಸಿದ ಆಸ್ಕಾರ್ಬಿಕ್ ಆಮ್ಲ ಸೇರಿಸಿದರೆ ನಿಧಾನವಾಗಿ ನೀಲಿ ಏರುತ್ತದೆ; ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢ. ಮಣ್ಣೇ ಹಾಕದ ಖಾಲಿ ದ್ರಾವಣದಲ್ಲೂ ನೀಲಿ ಸುಳಿದರೆ ಗಾಜಿನ ಪಾತ್ರೆಯನ್ನು ಸಂಶಯಿಸಬೇಕು. ಕೆಲವು ಸೋಪಿನ ಪುಡಿಗಳಲ್ಲಿ ಫಾಸ್ಫೇಟ್ ಇರುವುದರಿಂದ, ಈ ಪರೀಕ್ಷೆಯ ಪಾತ್ರೆಗಳನ್ನು ದುರ್ಬಲ ಆಮ್ಲದಲ್ಲಿ ತೊಳೆದು ಶುದ್ಧ ನೀರಿನಲ್ಲಿ ಜಾಲಿಸುವುದೇ ಕ್ರಮ.

ಆದರೆ ಮಣ್ಣು ನಮ್ಮ ಬಾಗಿಲಿಗೆ ಬರುವ ಮೊದಲೇ ಕೆಟ್ಟಿದ್ದರೆ ಈ ಎಚ್ಚರವೆಲ್ಲ ವ್ಯರ್ಥ. ಗೊಬ್ಬರದ ಖಾಲಿ ಚೀಲದಲ್ಲಿ ಮಣ್ಣು ತುಂಬಿ ತರುವವರು ಈಗಲೂ ಇದ್ದಾರೆ. ಚೀಲದ ಹೊಲಿಗೆಯ ಸಂದಿನಲ್ಲಿ ಬೂದುಬಣ್ಣದ ಹುಡಿ ಕಂಡರೆ ಅಂಥ ಮಾದರಿಯನ್ನು ಹಿಂದೆ ಕಳುಹಿಸುತ್ತೇನೆ, ಬಸ್ಸಿನಲ್ಲಿ ಹೊತ್ತು ತಂದವರಿಗೆ ಬೇಸರವಾದರೂ ಸರಿ. ಎಲ್ಲಿಂದ ಅಗೆದರು ಎಂಬುದೂ ಅಷ್ಟೇ ಮುಖ್ಯ. ರಂಜಕ ಮಣ್ಣಿನಲ್ಲಿ ಹೆಚ್ಚು ದೂರ ಸರಿಯುವುದಿಲ್ಲ. ವರ್ಷವರ್ಷ ಅಡಿಕೆ ಮರದ ಬುಡಕ್ಕೆ ಹಾಕಿದ್ದು ಬುಡದಲ್ಲೇ ಮೇಲ್ಪದರದಲ್ಲಿ ಕೂಡಿಕೊಂಡಿರುತ್ತದೆ, ಎರಡು ಸಾಲುಗಳ ನಡುವಿನ ಮಣ್ಣು ಬಡವಾಗಿಯೇ ಉಳಿದಿರುತ್ತದೆ. ಬುಡದ್ದನ್ನೂ ನಡುವಿನದ್ದನ್ನೂ ಬೆರೆಸಿ ತಂದರೆ ತೋಟದ ಯಾವ ಜಾಗಕ್ಕೂ ಸಲ್ಲದ ಸರಾಸರಿ ಸಿಗುತ್ತದೆ. ಗೊಬ್ಬರ ಹಾಕುವ ಜಾಗದ ಮಣ್ಣನ್ನೇ, ಹಾಕಿ ಕೆಲವು ತಿಂಗಳು ಕಳೆದ ಮೇಲೆ, ಹಲವು ಮರಗಳ ಬುಡದಿಂದ ತೆಗೆದು ಬೆರೆಸಿ ಅರ್ಧ ಕಿಲೋದಷ್ಟು ತಂದರೆ ಸಾಕು.

ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕದ ಪೆಂಟಾಕ್ಸೈಡ್, 140 ಗ್ರಾಂ ಪೊಟ್ಯಾಶ್ ಎಂಬುದು ಇಲ್ಲಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಶಿಫಾರಸು. ಶಿಲಾರಂಜಕದಲ್ಲಿ ಪೆಂಟಾಕ್ಸೈಡ್ ಶೇಕಡಾ 20ರಷ್ಟಿದ್ದರೆ 200 ಗ್ರಾಂ ಗೊಬ್ಬರವಾಯಿತು. ಮಾಷ್ಟ್ರಿಗೆ ಇಷ್ಟನ್ನೇ ಹೇಳಿದೆ. ಬುಡದ ಮಣ್ಣಿನಲ್ಲಿ ರಂಜಕ 24ನ್ನು ಬಹಳ ಮೀರಿದ ಹಳೆಯ ತೋಟಗಳಿಗೆ ಮಾತ್ರ, ಊರಿನ ಕೃಷಿ ಕಚೇರಿಯಾದ ಕೃಷಿಭವನದಲ್ಲಿ ವರದಿ ತೋರಿಸಿ ಈ ಪ್ರಮಾಣವನ್ನು ತಗ್ಗಿಸಿಕೊಳ್ಳಿ, ಉಳಿದ ಹಣವನ್ನು ಸುಣ್ಣಕ್ಕೂ ಪೊಟ್ಯಾಶಿಗೂ ತಿರುಗಿಸಿ ಎನ್ನುತ್ತೇನೆ. ಹುಳಿ ಮಣ್ಣಿಗೆ ಸುಣ್ಣ ಬಿದ್ದರೆ ಕಬ್ಬಿಣ, ಅಲ್ಯೂಮಿನಿಯಂಗಳ ಹಿಡಿತ ಸಡಿಲಗೊಂಡು, ಹಿಂದೆ ಹಾಕಿದ ರಂಜಕದಲ್ಲೇ ಇನ್ನಷ್ಟು ಪಾಲು ಮರಕ್ಕೆ ದಕ್ಕುತ್ತದೆ. ಎರಡು ಮೂರು ವರ್ಷ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸುವಾಗ ಅದೇ ತಿಂಗಳಿನಲ್ಲಿ, ಅದೇ ಸಾಲುಗಳಿಂದ ಮಣ್ಣು ತೆಗೆದು, ಹಳೆಯ ಕಾಗದವನ್ನೂ ಜೊತೆಗೆ ತರಬೇಕು.