ತಪ್ಪು ಮಾಡದವನನ್ನು ಪೊಲೀಸರು ಯಾಕೆ ಹಿಡಿಯುತ್ತಾರೆ?

ಮಂಗಳೂರಿನಲ್ಲಿ ವರದಿಗಾರನಾಗಿರುವ ನನ್ನನ್ನು ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ ಜನ ಕೇಳುವುದು ಇದೊಂದನ್ನೇ: “ತಪ್ಪು ಮಾಡದಿದ್ದರೆ ಪತ್ರಕರ್ತರನ್ನು ಜೈಲಿಗೆ ಯಾಕೆ ಹಾಕುತ್ತಾರೆ?” ಬಾಯಲ್ಲಿ ಉತ್ತರಿಸಿ ಸಾಕಾಗಿದೆ.

ಉಡುಪಿಯ ಮದುವೆಯೊಂದರಲ್ಲಿ ದೊಡ್ಡಪ್ಪ ಇದನ್ನು ಕೇಳಿದಾಗ ಎಲೆಗೆ ಆಗಷ್ಟೇ ಸಾರು ಬಿದ್ದಿತ್ತು. “ಬೆಂಕಿ ಇಲ್ಲದೆ ಹೊಗೆ ಬರುತ್ತದೆಯೇ ಮಾರಾಯ?” ಎಂದರು. ನಾನು ನವೀನ್ ಸೂರಿಂಜೆಯವರ ಹೆಸರು ಹೇಳಿದೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಯೊಂದಕ್ಕೆ ನುಗ್ಗಿದ ಗುಂಪು, ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರನ್ನು ಥಳಿಸಿದಾಗ, ಸುದ್ದಿವಾಹಿನಿಯ ವರದಿಗಾರರಾಗಿದ್ದ ಅವರು ಅಲ್ಲಿಗೆ ಹೋಗಿ ವರದಿ ಮಾಡಿದರು; ಆ ದಾಳಿ ದೇಶಕ್ಕೆಲ್ಲ ಗೊತ್ತಾದದ್ದು ಕ್ಯಾಮೆರಾದ ದೃಶ್ಯಗಳಿಂದ. ನವೆಂಬರ್‌ನಲ್ಲಿ ಅದೇ ಪ್ರಕರಣದ ಆರೋಪಿಯೆಂದು ಅವರನ್ನೇ ಬಂಧಿಸಿದರು. ಪೊಲೀಸರಿಗೆ ಯಾಕೆ ತಿಳಿಸಲಿಲ್ಲ ಎಂಬ ಆಕ್ಷೇಪಕ್ಕೆ, ಇನ್ಸ್‌ಪೆಕ್ಟರಿಗೆ ಕರೆ ಮಾಡಿದ್ದೆ, ಎತ್ತಲಿಲ್ಲ ಎಂದು ಅವರು ಹೇಳಿದ್ದರು. ಹೈಕೋರ್ಟಿನಿಂದ ಜಾಮೀನು ಸಿಕ್ಕಿದ್ದು 2013ರ ಮಾರ್ಚ್‌ನಲ್ಲಿ. ಬಳಿಕ ಸರ್ಕಾರವೇ ಅವರ ಮೇಲಿನ ಮೊಕದ್ದಮೆಯನ್ನು ಕೈಬಿಟ್ಟಿತು.

“ಹಾಗಾದರೆ ಬಿಟ್ಟರಲ್ಲ!” ಎಂದು ದೊಡ್ಡಪ್ಪ ಅನ್ನ ಕಲಸತೊಡಗಿದರು. ನನಗೆ ಊಟ ಇಳಿಯಲಿಲ್ಲ. ನಾಲ್ಕು ತಿಂಗಳಿಗೂ ಹೆಚ್ಚು ಕಾಲ ಮನುಷ್ಯನೊಬ್ಬ ಸೆರೆಮನೆಯಲ್ಲಿದ್ದದ್ದು ಆ ಒಂದು ಮಾತಿನಲ್ಲಿ ಅಳಿಸಿಹೋಗಿತ್ತು.

ಹಿಡಿದದ್ದು ಯಾಕೆ ಎಂದು ಕೇಳುವವರು, ಆರೋಪ ಸಾಬೀತಾಗುವ ಮೊದಲು ಎಷ್ಟು ದಿನ ಒಳಗಿಟ್ಟರು ಎಂದು ಒಮ್ಮೆಯಾದರೂ ಕೇಳಬೇಕಿತ್ತು. ಕೇರಳದ ಪತ್ರಕರ್ತ ಸಿದ್ದಿಕ್ ಕಪ್ಪನ್ ಅವರನ್ನು 2020ರ ಅಕ್ಟೋಬರ್‌ನಲ್ಲಿ ದಲಿತ ಯುವತಿಯ ಅತ್ಯಾಚಾರ, ಸಾವಿನ ಪ್ರಕರಣದ ವರದಿಗೆಂದು ಉತ್ತರ ಪ್ರದೇಶದ ಹಾಥರಸ್‌ಗೆ ಹೋಗುವ ದಾರಿಯಲ್ಲಿ ಹಿಡಿದು, ಯುಎಪಿಎ, ಅಂದರೆ ಕಾನೂನುಬಾಹಿರ ಚಟುವಟಿಕೆಗಳ ತಡೆ ಕಾಯ್ದೆಯನ್ನು ಹೇರಿದರು. ಆರೋಪ ಮೇಲ್ನೋಟಕ್ಕೆ ನಿಜವೆಂದು ನ್ಯಾಯಾಲಯಕ್ಕೆ ಅನ್ನಿಸಿದರೆ ಆ ಕಾಯ್ದೆಯ ಸೆಕ್ಷನ್ 43ಡಿ(5)ರ ಪ್ರಕಾರ ಜಾಮೀನು ಕೊಡುವಂತಿಲ್ಲ. ವಿಚಾರಣೆ ಮುಗಿಯುವವರೆಗೆ ಕಾಯುವುದೇ ಶಿಕ್ಷೆಯಾಗುವುದು ಹೀಗೆ. ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಜಾಮೀನು ಕೊಟ್ಟರೂ, ಇನ್ನೊಂದು ಪ್ರಕರಣದಿಂದಾಗಿ ಅವರು ಹೊರಬಂದದ್ದು 2023ರ ಫೆಬ್ರವರಿಯಲ್ಲಿ. ಬಂಧನವಾಗಿ ಹತ್ತಿರ ಹತ್ತಿರ ಎರಡು ವರ್ಷ ನಾಲ್ಕು ತಿಂಗಳಾಗಿತ್ತು.

ನಮ್ಮ ಊರಿನಲ್ಲೇ 2019ರ ಡಿಸೆಂಬರ್‌ನಲ್ಲಿ, ಪೌರತ್ವ ಕಾಯ್ದೆ ವಿರೋಧಿ ಪ್ರತಿಭಟನೆಯ ವೇಳೆ ಪೊಲೀಸರು ನಡೆಸಿದ ಗೋಲಿಬಾರಿನ ಮರುದಿನ, ವರದಿಗೆ ಬಂದಿದ್ದ ಕೇರಳದ ಪತ್ರಕರ್ತರನ್ನು ಗಂಟೆಗಟ್ಟಲೆ ತಡೆದಿಟ್ಟು ತಲಪಾಡಿ ಗಡಿ ದಾಟಿಸಿದ್ದರು. ಅಂದು ಅವರ ತಪ್ಪೇನು ಎಂದು ಯಾರೂ ನನ್ನನ್ನು ಕೇಳಲಿಲ್ಲ.

ಕಳೆದ ವಾರ ನಮ್ಮ ಕಚೇರಿಯ ಹೊಸ ಹುಡುಗಿಗೆ, ಸುರತ್ಕಲ್ ಕಡೆ ಗಲಾಟೆಯಾಗುತ್ತಿದೆ ಎಂದು ಯಾರೋ ಫೋನ್ ಮಾಡಿದರು. ಅವಳು ಕ್ಯಾಮೆರಾ ಚೀಲವನ್ನು ಹೆಗಲಿಗೇರಿಸಿ, “ಹೋಗಲಾ ಅಣ್ಣಾ?” ಎಂದಳು. ಹೋಗು ಎಂದೆ. ಠಾಣೆಗೆ ಮೊದಲು ಕರೆ ಮಾಡು, ಎತ್ತಿದರೂ ಎತ್ತದಿದ್ದರೂ ಸಮಯವನ್ನು ಬರೆದಿಟ್ಟುಕೋ ಎಂದೂ ಹೇಳಿದೆ.