ಆವರೇಜ್ ಪೇಜಲ್ಲಿ ಒಂದು ಪದ ತಿದ್ದೋಕೆ ಹೋಗಿ

ಡಾಕ್ಯುಮೆಂಟೇಶನ್ ತಿದ್ದೋದು ಅಂದ್ರೆ ಸ್ಪೆಲ್ಲಿಂಗ್ ಸರಿ ಮಾಡೋದು, ಬಿಟ್ಟುಹೋದ ಕಾಮಾ ಹಾಕೋದು ಅಷ್ಟೇ ಅನ್ಕೊಂಡಿದ್ದೆ ನಾನು. ನಮ್ ಟೀಮಿನ ಎಸ್‌ಕ್ಯೂಎಲ್ (ಡೇಟಾಬೇಸಿಂದ ಮಾಹಿತಿ ಕೇಳೋ ಭಾಷೆ) ಗೈಡಲ್ಲಿ ಸರಾಸರಿ ತೆಗೆಯೋ ಆವರೇಜ್ ಫಂಕ್ಷನ್ ಬಗ್ಗೆ ಒಂದು ಸಾಲಿತ್ತು: "ಕಾಲಮ್ಮಿನ ಒಟ್ಟು ಮೊತ್ತವನ್ನ ರೋಗಳ ಸಂಖ್ಯೆಯಿಂದ ಭಾಗಿಸುತ್ತೆ". ರೋ ಅಂದ್ರೆ ಟೇಬಲ್ಲಿನ ಒಂದೊಂದು ಅಡ್ಡಸಾಲು. ಓದೋಕೆ ಸರಿನೇ ಅನ್ಸುತ್ತೆ ಅಲ್ವಾ? ಆದ್ರೆ ಆ ಕಾಲಮ್ಮಲ್ಲಿ ನಲ್ (ಅಂದ್ರೆ ಸೊನ್ನೆನೂ ಅಲ್ಲ, ವ್ಯಾಲ್ಯೂನೇ ಇಲ್ಲ) ಇರೋ ರೋಗಳನ್ನ ಆವರೇಜ್ ಲೆಕ್ಕಕ್ಕೇ ತಗೊಳಲ್ಲ. 10 ಆರ್ಡರ್ ಇವೆ, 4 ಜನ ಮಾತ್ರ ರೇಟಿಂಗ್ ಕೊಟ್ಟಿದ್ದಾರೆ, ಒಟ್ಟು 16 ಅಂದ್ರೆ ಉತ್ತರ 4 ಬರುತ್ತೆ, ಗೈಡ್ ನಂಬ್ಕೊಂಡು ಕೈಯಲ್ಲಿ ಲೆಕ್ಕ ಹಾಕಿದವರಿಗೆ 1.6, ಆಮೇಲೆ ಡೇಟಾಬೇಸಲ್ಲೇ ಬಗ್ ಇದೆ ಅಂತ ನಮಗೆ ದೂರಿನ ಟಿಕೆಟ್ಟು.

ಸರಿ, ನಾನು ಆ ಸಾಲು ತಿದ್ದಿದೆ. ತಿದ್ದಿ ಸುಮ್ನಿರಬೇಕಿತ್ತು, ಜಾಣತನ ತೋರ್ಸೋಕೆ ಹೋಗಿ ಉದಾಹರಣೆ ಕ್ವೆರಿಲಿ (ಡೇಟಾಬೇಸಿಗೆ ಕೊಡೋ ಆದೇಶ) ನಲ್ ಇದ್ದ ಕಡೆ ಕೋಅಲೆಸ್ ಅನ್ನೋ, ನಲ್ ಬದಲಿಗೆ ನಾವು ಹೇಳಿದ್ದನ್ನ ಕೊಡೋ ಫಂಕ್ಷನ್ ಹಾಕಿ ಸೊನ್ನೆ ಮಾಡಿದೆ, ಕೆಳಗೆ ಔಟ್‌ಪುಟ್ ಹಂಗೇ 4 ಅಂತ ಬಿಟ್ಟೆ.

ರಿವ್ಯೂ ಮಾಡಿದ ಸೀನಿಯರ್ ಕೇಳಿದ್ದು ಒಂದೇ. "ಇದನ್ನ ರನ್ ಮಾಡಿ ನೋಡಿದ್ರಾ?"

"ಒಂದು ಲೈನ್ ತಾನೇ ಮೇಡಂ..."

"ಆ ಒಂದು ಲೈನೇ ಮಾಡಿ."

ಮಾಡಿದೆ. 1.6! ರೇಟಿಂಗೇ ಕೊಡದ ಆರು ಜನ ಸೊನ್ನೆ ಕೊಟ್ಟಂಗಾಗಿತ್ತು. ಮುಂಚೆ ಬರೀ ವಿವರಣೆ ತಪ್ಪಿತ್ತು, ನಾನು ಕ್ವೆರಿನೂ ಕೆಡಿಸಿದ್ದೆ.

ಅವತ್ತು ಮಧ್ಯಾಹ್ನ ಕೂತು ಆ ಪೇಜಿನ ಎಲ್ಲಾ ಕ್ವೆರಿ ಒಂದು ಟೆಸ್ಟ್ ಟೇಬಲ್ ಮಾಡ್ಕೊಂಡು ಓಡ್ಸಿದೆ. ಎಲ್ಲಾ ರೋ ಎಣಿಸೋ ಕೌಂಟ್ ಸ್ಟಾರ್ 10 ಕೊಡುತ್ತೆ, ಅದೇ ಕೌಂಟಿಗೆ ರೇಟಿಂಗ್ ಕಾಲಂ ಕೊಟ್ರೆ 4, ಗೈಡಲ್ಲಿ ಎರಡೂ ಒಂದೇ ಅಂತಿತ್ತು. ಒಂದೂ ರೋ ಸಿಗದಿದ್ರೆ ಕೌಂಟ್ 0 ಕೊಡುತ್ತೆ ಆದ್ರೆ ಮೊತ್ತ ತೆಗೆಯೋ ಸಮ್ ನಲ್ ಕೊಡುತ್ತೆ, ಅಲ್ಲೂ ಸೊನ್ನೆ ಅಂತಲೇ ಬರೆದಿದ್ರು. ಇನ್ನೊಂದು ಕಡೆ ಗ್ರೂಪ್ ಬೈನಲ್ಲಿ (ರೋಗಳನ್ನ ಗುಂಪು ಮಾಡೋ ಭಾಗ) ಇಲ್ಲದ ಕಾಲಂ ಸೆಲೆಕ್ಟಲ್ಲಿ (ಯಾವ ಕಾಲಂ ಬೇಕು ಅಂತ ಹೇಳೋ ಭಾಗ) ಇತ್ತು, ಮೈಎಸ್‌ಕ್ಯೂಎಲ್ ಅನ್ನೋ ಡೇಟಾಬೇಸಿನ ಹಳೇ ವರ್ಷನ್ನಲ್ಲಿ ಅದು ಯಾವ್ದೋ ಒಂದು ವ್ಯಾಲ್ಯೂ ಕೊಟ್ಟು ಓಡ್ತಿತ್ತು, 5.7 ಬಂದ್ಮೇಲೆ ಡೀಫಾಲ್ಟ್ ಸೆಟ್ಟಿಂಗಲ್ಲೇ ಎರರ್ ಕೊಡುತ್ತೆ. ಅಂದ್ರೆ ವರ್ಷಗಟ್ಲೆ ಯಾರೂ ಅದನ್ನ ಓಡ್ಸೇ ನೋಡಿಲ್ಲ, ಔಟ್‌ಪುಟ್ಟೆಲ್ಲಾ ಯಾರೋ ಕೈಯಲ್ಲೇ ಟೈಪ್ ಮಾಡಿದ್ದು.

ಈಗ ಆ ಟೆಸ್ಟ್ ಟೇಬಲ್ ಮಾಡೋ ಸ್ಕ್ರಿಪ್ಟನ್ನ ಪೇಜಿನ ಮೇಲ್ಗಡೆನೇ ಹಾಕಿದೀನಿ, ಓದೋರು ತಾವೇ ಓಡ್ಸಿ ನೋಡ್ಲಿ. ಟಿಕೆಟ್ ನಿಂತಿಲ್ಲ, ಆದ್ರೆ ಬರೋ ಟಿಕೆಟ್ಟಲ್ಲಿ "ನಿಮ್ ಟೇಬಲ್ಲಲ್ಲಿ ಇಷ್ಟು ಬಂತು, ನಮ್ದ್ರಲ್ಲಿ ಇಷ್ಟು" ಅಂತ ನಂಬರ್ ಸಮೇತ ಬರೀತಾರೆ. ಎರಡು ಟೇಬಲ್ ಜೋಡಿಸಿ ಜಾಯಿನ್ ಮಾಡಿದಾಗ ರೋಗಳು ಡಬಲ್ ಆಗಿ ಸಮ್ ಊದ್ಕೊಳೋ ಪೇಜ್ ಇನ್ನೂ ಬಾಕಿ ಇದೆ, ಅದಕ್ಕೆ ಮುಂದಿನ ವಾರ ಕೈ ಹಾಕ್ಬೇಕು.