ಬಿದ್ದ ಹಕ್ಕಿಯೂ ಲೆಕ್ಕಕ್ಕೆ

ನಾನಿರುವ ಊರು ಆಬರ್‌ಡೀನ್ ಅಂದರೆ ಮನೆ ಕಡೆಯವರೆಲ್ಲ ಸ್ಕಾಟ್ಲೆಂಡ್ ಅಂದುಕೊಳ್ಳುತ್ತಾರೆ. ಇದು ಅಮೆರಿಕದ ಸೌತ್ ಡಕೋಟದ ಆಬರ್‌ಡೀನ್. ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ, ಸೋಯಾ, ಅದರ ಮೇಲೆ ನಿಲ್ಲದ ಗಾಳಿ. ವರ್ಷವಿಡೀ ಸಪ್ಪಗಿರುವ ಈ ಊರು ಅಕ್ಟೋಬರಿನ ಮೂರನೇ ಶನಿವಾರಕ್ಕೆ ತುಂಬಿ ತುಳುಕುತ್ತದೆ. ಹೋಟೆಲಿನಲ್ಲಿ ರೂಮಿಲ್ಲ, ಪೆಟ್ರೋಲ್ ಬಂಕಿನ ತುಂಬ ಕಿತ್ತಳೆ ಟೋಪಿ, ಪ್ರತಿ ಪಿಕಪ್ಪಿನ ಹಿಂದೆ ನಾಯಿ. ಫೆಸೆಂಟ್ ಎಂಬ ಹಕ್ಕಿಯ ಬೇಟೆ ಶುರುವಾಗುವ ದಿನ ಅದು.

ಫೋನಿನಲ್ಲಿ ಇದನ್ನು ಹೇಳಿದಾಗ ತೀರ್ಥಹಳ್ಳಿಯಿಂದ ಅಮ್ಮ ಕೇಳಿದ ಮೊದಲ ಪ್ರಶ್ನೆ, "ಅಲ್ಲಿ ಫಾರೆಸ್ಟಿನವರು ಹಿಡಿಯೂದಿಲ್ವನಾ?" ಕೇಳಬೇಕಾದ್ದೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ಹುಟ್ಟಿದ ನಮಗೆ ಶಿಕಾರಿ ಅಂದರೆ ಒಂದೋ ಅಜ್ಜನ ಕಾಲದ ಕತೆ, ಇಲ್ಲವೇ ಕದ್ದು ಮಾಡುವ ಕೆಲಸ. ಇಲ್ಲಿ ಅದು ಸರ್ಕಾರವೇ ಲೈಸೆನ್ಸ್ ಮಾರಿ, ಗೇಮ್ ವಾರ್ಡನ್ ಇಟ್ಟು ನಡೆಸುವ ವ್ಯವಹಾರ. ಈಚಿನ ವರ್ಷಗಳಲ್ಲಿ ಈ ಒಂದೇ ರಾಜ್ಯದಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೂ ಹೆಚ್ಚು ಫೆಸೆಂಟ್ ಬೀಳುತ್ತಿವೆ.

ಫೆಸೆಂಟ್ ನಮ್ಮ ಕಾಡುಕೋಳಿಯ ದಾಯಾದಿ. ಹುಂಜಕ್ಕೆ ಕೆಂಪು ಮುಖ, ಕೊರಳಿಗೆ ಬಿಳಿ ಪಟ್ಟಿ, ತಾಮ್ರದ ಬಣ್ಣದ ಮೈ, ಮೊಳದುದ್ದ ಬಾಲ. ಹೇಂಟೆ ಒಣಹುಲ್ಲಿನ ಬಣ್ಣ. ತಮಾಷೆ ಏನೆಂದರೆ ಸೌತ್ ಡಕೋಟದ ರಾಜ್ಯಪಕ್ಷಿಯಾಗಿರುವ ಇದು ಇಲ್ಲಿನದೇ ಅಲ್ಲ. ಶಾಂಘೈಯಲ್ಲಿ ಅಮೆರಿಕದ ಕಾನ್ಸಲ್ ಆಗಿದ್ದ ಓವನ್ ಡೆನ್ನಿ 1880ರ ದಶಕದ ಆರಂಭದಲ್ಲಿ ಚೀನಾದಿಂದ ಆರೆಗನ್‌ಗೆ ಕಳಿಸಿದ ಹಕ್ಕಿಗಳಿಂದ ಇವುಗಳ ಸಂಸಾರ ಈ ದೇಶದಲ್ಲಿ ಬೇರೂರಿತು. ನಮ್ಮ ದಕ್ಷಿಣಕ್ಕಿರುವ ಸ್ಪಿಂಕ್ ಕೌಂಟಿಯ ರೈತರು ಇಪ್ಪತ್ತನೇ ಶತಮಾನದ ಮೊದಲ ದಶಕದ ಕೊನೆಗೆ ತಂದು ಬಿಟ್ಟರು. 1919ರಲ್ಲಿ ಅದೇ ಕೌಂಟಿಯಲ್ಲಿ ಒಂದೇ ಒಂದು ದಿನ ಬೇಟೆಗೆ ಅವಕಾಶ ಕೊಟ್ಟರು. ನನ್ನ ಹಾಗೇ ವಲಸೆ ಬಂದದ್ದು, ನನಗಿಂತ ಚೆನ್ನಾಗಿ ಒಗ್ಗಿಕೊಂಡಿದೆ.

ನಾನು ಹೋಗುವುದು ಪಕ್ಕದ ಮನೆಯ ಯಜಮಾನರ ಜೊತೆ. ಎಪ್ಪತ್ತು ದಾಟಿದ ರೈತ, ಹೊಲವನ್ನು ಮಗನಿಗೆ ಬಿಟ್ಟು ಪೇಟೆಗೆ ಬಂದಿದ್ದಾರೆ. ಲೈಸೆನ್ಸ್ ಮಾಡಿಸಿದ್ದೇನೆ, ಆದರೆ ಕೋವಿ ಹಿಡಿಯುವುದಿಲ್ಲ. ನನ್ನದು ಸೋವುವ, ಅಂದರೆ ಹಕ್ಕಿಯನ್ನು ಅಟ್ಟಿ ಎಬ್ಬಿಸುವ ಕೆಲಸ. ಮಲೆನಾಡಿನಲ್ಲಿ ಹಳು ಸೋವುವವರು ಒಂದು ಕಡೆಯಿಂದ ನುಗ್ಗಿದರೆ ಇನ್ನೊಂದು ಕಡೆ ಕೋವಿಯವರು ಬಿಲ್ಲಿಗೆ, ಅಂದರೆ ಕಾದು ಹೊಡೆಯುವ ಜಾಗಕ್ಕೆ, ನಿಂತಿರುತ್ತಿದ್ದರಲ್ಲ, ಇಲ್ಲಿಯೂ ಅಚ್ಚು ಹಾಗೇ. ಸಾಲಾಗಿ ಜೋಳದೊಳಗೆ ನಡೆಯುತ್ತೇವೆ, ತುದಿಯಲ್ಲಿ ನಾಲ್ಕು ಜನ ತಡೆದು ನಿಂತಿರುತ್ತಾರೆ. ಫೆಸೆಂಟ್ ಹಾರುವುದಕ್ಕಿಂತ ಓಡುವುದರಲ್ಲಿ ನಿಪುಣ. ಸಾಲಿನ ಕೊನೆ ಮುಟ್ಟಿ, ಓಡಲು ಜಾಗವಿಲ್ಲದಾಗ ಮಾತ್ರ ಕೊಕ್ಕರಿಸುತ್ತ ಮೇಲೇಳುತ್ತದೆ. "ರೂಸ್ಟರ್!" ಅಂತ ಯಾರಾದರೂ ಕೂಗಿದರೆ ಕೋವಿ ಮೇಲೇಳುತ್ತದೆ, "ಹೆನ್!" ಅಂದರೆ ಇಳಿಯುತ್ತದೆ.

ಕಾನೂನು ಚಿಕ್ಕದು, ಬಿಗಿಯಾದದ್ದು. ಬೆಳಗ್ಗೆ ಹತ್ತಕ್ಕೆ ಮೊದಲು, ಸೂರ್ಯ ಮುಳುಗಿದ ಮೇಲೆ ಗುಂಡಿಲ್ಲ. ದಿನಕ್ಕೆ ತಲಾ ಮೂರು ಹುಂಜ. ಹೇಂಟೆ ಮುಟ್ಟುವಂತಿಲ್ಲ. ಒಂದು ಹುಂಜ ಹಲವು ಹೇಂಟೆಗಳಿಗೆ ಸಾಕು, ಆದ್ದರಿಂದ ಹುಂಜಗಳನ್ನು ತೆಗೆದರೆ ಮುಂದಿನ ವರ್ಷದ ಮರಿಗಳಿಗೆ ಧಕ್ಕೆಯಿಲ್ಲ ಎಂಬ ಲೆಕ್ಕ. ಮನೆಗೊಯ್ಯುವಾಗ ತಲೆಯನ್ನೋ ಕಾಲನ್ನೋ ಉಳಿಸಿಕೊಂಡಿರಬೇಕು, ವಾರ್ಡನ್ ನೋಡಿದರೆ ಹುಂಜವೆಂದು ಗೊತ್ತಾಗಬೇಕು. ಇಷ್ಟು ಕಟ್ಟುನಿಟ್ಟಿಗೆ ಹಿಂದೊಂದು ಕಹಿ ಇತಿಹಾಸವಿದೆ. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳವನ್ನು ಮಾರುಕಟ್ಟೆಗೆಂದು ಹೊಡೆದು ಹೊಡೆದು, ಕೊನೆಯ ಒಂದು ಹಕ್ಕಿ 1914ರಲ್ಲಿ ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು.

ಕಾನೂನು ಮುಗಿದ ಮೇಲಿನದ್ದಕ್ಕೆ ಇಲ್ಲಿನವರು 'ಫೇರ್ ಚೇಸ್' ಅನ್ನುತ್ತಾರೆ. 1887ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್ ಮತ್ತಿತರರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಇದನ್ನು ದೊಡ್ಡ ಪ್ರಾಣಿಗಳ ಬೇಟೆಗೆಂದು ರೂಢಿಗೆ ತಂದಿತು. ಪ್ರಾಣಿ ಸ್ವತಂತ್ರವಾಗಿ ತಿರುಗುತ್ತಿರಬೇಕು, ತಪ್ಪಿಸಿಕೊಳ್ಳುವ ದಾರಿ ಅದಕ್ಕೆ ಇರಬೇಕು, ಬೇಟೆಗಾರ ಅಡ್ಡದಾರಿಯ ಅನುಕೂಲ ಪಡೆಯಬಾರದು ಎಂಬುದು ಸಾರಾಂಶ. ಹಕ್ಕಿ ಬೇಟೆಗೆ ಬಂದಾಗ ಅದು ಒಂದು ಪಟ್ಟಿಗೆ ಇಳಿಯುತ್ತದೆ: ಕೂತ ಹಕ್ಕಿಗೆ, ನೆಲದಲ್ಲಿ ಓಡುವ ಹಕ್ಕಿಗೆ ಹೊಡೆಯುವವನು ಮನುಷ್ಯನೇ ಅಲ್ಲ. ತಗ್ಗಿನಲ್ಲಿ ಹಾರುವುದಕ್ಕೂ ಬೇಡ, ಹಿಂದೆ ನಾಯಿ ಇರಬಹುದು.

ನನ್ನ ಅಜ್ಜನಿಗೆ ಇದನ್ನು ಹೇಳಿದ್ದರೆ ಬಿದ್ದು ಬಿದ್ದು ನಗುತ್ತಿದ್ದರು. ತೋಟೆಗೆ ದುಡ್ಡು ಕೊಟ್ಟವನು ಹಾರುವುದಕ್ಕೆ ಯಾಕೆ ಹೊಡೆಯುತ್ತಾನೆ? ಕೂತದ್ದಕ್ಕೆ ಒಂದೇ ಈಡು, ಸಂಜೆಗೆ ಸಾರು. ನ್ಯಾಯದ ಪ್ರಶ್ನೆ ಹೊಟ್ಟೆ ತುಂಬಿದವರಿಗೆ ಹುಟ್ಟುವಂಥದ್ದು. ಅದಕ್ಕಿಂತ ನನ್ನನ್ನು ಕಾಡಿದ್ದು ಇನ್ನೊಂದು. ಕೂತ ಹಕ್ಕಿ ಥಟ್ಟನೆ ಸಾಯುತ್ತದೆ. ಹಾರುವುದಕ್ಕೆ ಬಿಟ್ಟರೆ ಕೆಲವು ತಪ್ಪಿಸಿಕೊಳ್ಳುತ್ತವೆ, ಕೆಲವು ಗಾಯಗೊಂಡು ಒದ್ದಾಡುತ್ತವೆ. ಅಂದರೆ ಹಕ್ಕಿಗೆ ಒಂದು ಅವಕಾಶ ಕೊಡುತ್ತೇವೆ ಎಂಬ ದೊಡ್ಡಸ್ತಿಕೆಯ ಬೆಲೆಯನ್ನು ತೆರುವುದು ಹಕ್ಕಿಯೇ. ಹಾಗಿದ್ದ ಮೇಲೆ ಈ ನ್ಯಾಯ ಗುಂಡು ಹಾರಿಸುವ ಗಳಿಗೆಯಲ್ಲಿ ಇಲ್ಲ. ಆಮೇಲಿನ ಅರ್ಧ ಗಂಟೆಯಲ್ಲಿದೆ.

ಒಂದು ಮಧ್ಯಾಹ್ನ ಹೊರರಾಜ್ಯದಿಂದ ಬಂದ ಅತಿಥಿಯೊಬ್ಬ ತೀರ ದೂರದ ಹುಂಜಕ್ಕೆ ಹೊಡೆದ. ಯಜಮಾನರ ಪ್ರಕಾರ ನಲವತ್ತು ಗಜ ಮೀರಿದರೆ ಚರೆ ಚದುರಿಹೋಗುತ್ತದೆ, ಹಕ್ಕಿ ಸಾಯುವುದಕ್ಕಿಂತ ಗಾಯಗೊಳ್ಳುವುದೇ ಹೆಚ್ಚು. ಹುಂಜ ಬೀಳಲಿಲ್ಲ, ತೇಲಿಕೊಂಡು ಹೋಗಿ ಜೊಂಡಿನೊಳಗೆ ಇಳಿಯಿತು. "ಮಿಸ್ಸಾಯ್ತು" ಅಂದ. "ಇಲ್ಲ, ಒಂದು ಕಾಲು ಜೋತುಬಿತ್ತು, ನಾನು ನೋಡಿದೆ" ಅಂದರು ಯಜಮಾನರು. ಎಲ್ಲರೂ ಕೋವಿಯೊಳಗಿಂದ ತೋಟೆ ತೆಗೆದರು. ಲ್ಯಾಬ್ರಡಾರ್ ಡೇಜಿಯನ್ನು ಜೊಂಡಿಗೆ ಬಿಟ್ಟರು. ಅದು ಮೂಗು ನೆಲಕ್ಕೆ ಹಚ್ಚಿ ಒಳಗೆ ಹೋಗುವುದು, ಮುಂಡದವರೆಗೆ ಕೆಸರಾಗಿ ಹೊರಬರುವುದು, ಯಜಮಾನರ ಮುಖ ನೋಡುವುದು, ಮತ್ತೆ ಹೋಗುವುದು. ನಾವೂ ಜೊಂಡನ್ನು ಕೈಯಲ್ಲಿ ಸರಿಸುತ್ತ ಹುಡುಕಿದೆವು. ಒಂದು ಎಲೆಯ ಮೇಲೆ ಕಡಲೆ ಗಾತ್ರದ ರಕ್ತ, ಅದರ ಪಕ್ಕ ತಾಮ್ರದ ಬಣ್ಣದ ಸಣ್ಣ ಪುಕ್ಕ. ಅಷ್ಟೇ ಸಿಕ್ಕಿದ್ದು.

ಹೊರಗೆ ಬಂದು ಯಜಮಾನರು ಅತಿಥಿಗೆ, "ಅದು ನಿನ್ನ ಮೂರನೆಯದು. ಇವತ್ತಿಗೆ ಸಾಕು" ಅಂದರು. "ಕೈಗೆ ಸಿಗದ ಹಕ್ಕಿಯನ್ನು ಹೇಗೆ ಲೆಕ್ಕ ಹಾಕ್ತೀರಿ?" ಅಂತ ಅವನು ವಾದಕ್ಕಿಳಿದ. ಯಜಮಾನರು ಉತ್ತರ ಕೊಡದೆ ನಾಯಿಯ ಕಿವಿಯಿಂದ ಮುಳ್ಳುಕಾಯಿ ಕೀಳುತ್ತ ಕೂತರು. ಅವನು ಮರುವರ್ಷ ಬರಲಿಲ್ಲ, ಇವರು ಕರೆಯಲೂ ಇಲ್ಲ.

ಇದಕ್ಕೆ ತದ್ವಿರುದ್ಧ ತುದಿಯಲ್ಲಿ ದುಡ್ಡು ಕೊಟ್ಟು ಹೊಡೆಯುವ ಪ್ರಿಸರ್ವ್‌ಗಳಿವೆ. ಸಾಕಿದ ಹಕ್ಕಿಗಳನ್ನು ಹೊಲಕ್ಕೆ ಬಿಡುತ್ತಾರೆ. ಸೀಸನ್ ಕೂಡ ಸೆಪ್ಟೆಂಬರಿನಿಂದ ಮಾರ್ಚ್‌ವರೆಗೆ. ಸಾಕುವಾಗ ಒಂದನ್ನೊಂದು ಕುಕ್ಕದಿರಲೆಂದು ಕೊಕ್ಕಿನ ಮೇಲೆ ಪ್ಲಾಸ್ಟಿಕ್ ಕಣ್ಣಡ್ಡಿ ಸಿಕ್ಕಿಸಿರುತ್ತಾರೆ, ಬಿಡುವ ಮುಂಚೆ ತೆಗೆಯುತ್ತಾರೆ. ಸತ್ತ ಹಕ್ಕಿಯ ಮೂಗಿನ ಹೊಳ್ಳೆಗಳ ನಡುವೆ ಆ ತೂತು ಹಾಗೇ ಉಳಿದಿರುತ್ತದೆ. ಬಾಲವೂ ಜಾಲರಿಗೆ ಉಜ್ಜಿ ಸವೆದಿರುತ್ತದೆ. ನಾಯಿಗೆ ತರಬೇತಿ ಕೊಡುವಾಗ ಹಕ್ಕಿಯ ತಲೆಯನ್ನು ರೆಕ್ಕೆಯಡಿ ಸೇರಿಸಿ, ಗಿರಗಿರ ತಿರುಗಿಸಿ, ತಲೆಸುತ್ತು ಬಂದ ಮೇಲೆ ಹುಲ್ಲಿನಲ್ಲಿ ಇಟ್ಟುಬರುವುದೂ ಉಂಟು.

ಯಜಮಾನರ ಮಗ ಇದನ್ನು ಸಮರ್ಥಿಸುತ್ತಾನೆ. ಪ್ರಿಸರ್ವ್ ಇದ್ದಲ್ಲಿ ಹುಲ್ಲು ಉಳಿಯುತ್ತದೆ, ಇಲ್ಲದಿದ್ದರೆ ಅಲ್ಲೂ ಜೋಳ ಬಿತ್ತುತ್ತಾರೆ. ನಡೆಯಲಾರದ ಮುದುಕರಿಗೆ, ಕಲಿಯುವ ಮಕ್ಕಳಿಗೆ ಬೇರೆ ಜಾಗವೆಲ್ಲಿ? ಹುಲ್ಲಿನ ಮಾತು ನಿಜ. ಈ ಹಕ್ಕಿಯ ಹಣೆಬರಹ ಬರೆಯುವುದು ಗುಂಡಿಗಿಂತ ಹೆಚ್ಚಾಗಿ ಜೋಳದ ಬೆಲೆ. 1985ರಿಂದ ಫೆಡರಲ್ ಸರ್ಕಾರ ರೈತರಿಗೆ ಬಾಡಿಗೆ ಕೊಟ್ಟು ಸವಕಳಿ ನೆಲವನ್ನು ಹುಲ್ಲಾಗಿ ಬಿಡಿಸುತ್ತಿದೆ. ಜೋಳದ ಬೆಲೆ ಏರಿದಾಗ ಆ ಹುಲ್ಲನ್ನು ಉತ್ತು ಬಿತ್ತಿದರು, ಹೇಂಟೆಗೆ ಗೂಡು ಕಟ್ಟಲು ಜಾಗ ಕಡಿಮೆಯಾಯಿತು. ಬೇಟೆಗಾರರ ಕೊಡುಗೆಯನ್ನೂ ಅಲ್ಲಗಳೆಯಲಾಗದು. 1937ರ ಕಾಯ್ದೆಯ ಪ್ರಕಾರ ಉದ್ದ ಕೋವಿ, ತೋಟೆಗಳ ಮೇಲಿನ ಶೇ. 11 ತೆರಿಗೆ ವನ್ಯಜೀವಿ ಕೆಲಸಕ್ಕೆಂದೇ ರಾಜ್ಯಗಳಿಗೆ ಹೋಗುತ್ತದೆ.

ಆದರೂ ಪ್ರಿಸರ್ವ್ ವಿಷಯದಲ್ಲಿ ನಾನು ಮಗನ ಕಡೆಗಿಲ್ಲ. ಕೋಳಿ ಸಾಕಿ ಕೊಯ್ಯುವುದರಲ್ಲಿ ನನಗೆ ತಕರಾರಿಲ್ಲ, ಭಾನುವಾರ ನಾನೂ ತಿನ್ನುತ್ತೇನೆ. ಮೂಗು ತೂತಾದ ಹಕ್ಕಿಯನ್ನು ಪಿಕಪ್ಪಿನ ಬಾಗಿಲ ಮೇಲೆ ಸಾಲಾಗಿ ಹರಡಿ, ಫೋಟೊ ತೆಗೆದು, ಕಾಡಿನ ಜೊತೆ ಸೆಣಸಾಡಿ ಬಂದವರಂತೆ ಬೀಗುತ್ತಾರಲ್ಲ, ಅದು ಹಿಡಿಸುವುದಿಲ್ಲ. ಕಾರಿನಲ್ಲಿ ಕಾಫಿ ಹೀರುತ್ತ ನಿಧಾನಕ್ಕೆ ಸಾಗಿ, ರಸ್ತೆಬದಿಯ ಚರಂಡಿಯಲ್ಲಿ ಹುಂಜ ಕಂಡರೆ ಇಳಿದು ಹೊಡೆಯುವವರೂ ಇದ್ದಾರೆ. ನಿಯಮ ಪಾಲಿಸಿದರೆ ಇಲ್ಲಿ ಅದೂ ಕಾನೂನುಬದ್ಧ. ಯಜಮಾನರು ಅಂಥವರಿಗೆ ಕೈ ಬೀಸುವುದಿಲ್ಲ. ಎದುರು ಬಂದ ಪ್ರತಿ ಗಾಡಿಗೂ ಕೈ ಬೀಸುವ ಈ ನಾಡಿನಲ್ಲಿ ಅದು ಸಣ್ಣ ಶಿಕ್ಷೆಯಲ್ಲ.

ಅಕ್ಟೋಬರಿನಲ್ಲಿ ಈ ಕಡೆ ಬರುವವರಿದ್ದರೆ ಮೊದಲೇ ತಿಳಿಸಿ, ಹೋಟೆಲ್ ನೆಚ್ಚಿಕೊಳ್ಳಬೇಡಿ, ನಮ್ಮ ಮನೆಯಲ್ಲಿ ಜಾಗವಿದೆ. ಕಿತ್ತಳೆ ಜಾಕೆಟ್ ನಾನು ಕೊಡುತ್ತೇನೆ. ನೀರಿಳಿಯದ ಬೂಟು ಮಾತ್ರ ನೀವೇ ತನ್ನಿ, ಜೊಂಡಿನಲ್ಲಿ ಹುಡುಕುವ ಸರದಿ ಎಲ್ಲರಿಗೂ ಬರುತ್ತದೆ.